ಹಳ್ಳದ ದಂಡೆಯಲ್ಲಿ ನಿನ್ನ ದನಿ

ರಾಯಚೂರು
21 ಜುಲೈ 2025, ಸೋಮವಾರ

ಪ್ರೀತಿಯ ನಾಗವೇಣಿ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಮಾನ್ವಿಯ ನೀರು ನಿನ್ನ ಹೊಟ್ಟೆಗೆ ಆಗಿಬರುವುದಿಲ್ಲ, ಕಾಯಿಸಿ ಕುಡಿ. ಸೋದರಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ಹೇಳು. ದೇವದುರ್ಗದಲ್ಲಿ ಅವ್ವ ಆರಾಮಾಗಿದ್ದಾಳೆ, ಮಂಡಿನೋವು ಮಾತ್ರ ಇದ್ದದ್ದೇ. ಪಿಯುಸಿ ಮರುಪರೀಕ್ಷೆಯ ಫಲಿತಾಂಶ ಬಂದಾಗಿನಿಂದ ನಿನ್ನ ಫೋನು ಸ್ವಿಚ್ ಆಫ್ ಆಗಿದೆ, ಅದಕ್ಕೇ ಈ ಕಾಗದ. ಓದದೆ ಮಡಚಿಡಬೇಡ. ಮಾರ್ಕ್ಸಿನ ಮಾತು ಎತ್ತಬಾರದೆಂದೇ ಕೂತೆ, ಆದರೆ ಅದನ್ನು ಎತ್ತದೆ ಈ ಸುದ್ದಿ ಹೇಳಲು ಬರುತ್ತಿಲ್ಲ.

ಶನಿವಾರ ಸಂಜೆ ನಾಲ್ಕಕ್ಕೆ ದೇವದುರ್ಗದಿಂದ ರಾಯಚೂರಿಗೆ ಗಾಡಿ ಬಿಟ್ಟೆವು. ಕಂಡಕ್ಟರ್ ಆಗಿ ನನಗಿದು ಮೂರನೇ ತಿಂಗಳು. ಡ್ರೈವರ್ ಸುಂಕಪ್ಪಣ್ಣನದು ಮೂವತ್ತು ವರ್ಷದ ಸರ್ವೀಸು. ಒಳಗೆ ನಲವತ್ತಾರು ಜನ. ಮಧ್ಯಾಹ್ನ ಜೋರು ಮಳೆ ಬಿದ್ದು, ದಾರಿಯ ಹಳ್ಳ ಸೇತುವೆಯ ಮೇಲೇ ಹರಿಯುತ್ತಿತ್ತು. ರಾಡಿ ನೀರು, ಅಂಚಿನ ಕಲ್ಲುಗಳು ಕಾಣುತ್ತಿರಲಿಲ್ಲ. ನಮ್ಮ ಕಣ್ಣೆದುರೇ ಒಂದು ಟ್ರ್ಯಾಕ್ಟರ್ ದಾಟಿಹೋಯಿತು, ಜನಕ್ಕೆ ಅಷ್ಟೇ ಸಾಕಾಯಿತು. “ಅಂವ ಹೋದಾ, ನಾವ್ಯಾಕ ನಿಂತೀವ್ರಿ? ಬಿಡ್ರಿ ಗಾಡಿ!” ಎಂದು ಗದ್ದಲವೆಬ್ಬಿಸಿದರು. ರೈಲು ಹಿಡಿಯಬೇಕಾಗಿದ್ದ ಒಬ್ಬ ಎದ್ದುಬಂದು ಬಾನೆಟ್ ಬಡಿಯತೊಡಗಿದ. ಸುಂಕಪ್ಪಣ್ಣ ನನ್ನ ಕಡೆ ತಿರುಗಿ, “ಮೊಣಕಾಲುದ್ದ ನೀರು ಅಷ್ಟ. ಏನಂತಿ ತಂಗಿ?” ಎಂದ. “ಬ್ಯಾಡ್ರಿ ಅಣ್ಣಾ” ಎಂದೆ. ಆ ಮಾತು ನನಗೇ ಕೇಳಿಸಲಿಲ್ಲ, ನಾಗೂ. ಸೀಟಿ ತುಟಿಗಿಟ್ಟೆ. ಬಾಯಿ ಒಣಗಿ ಉಸಿರೇ ಹೊರಡಲಿಲ್ಲ. ಗಾಡಿ ಗೇರಿಗೆ ಬಿತ್ತು, ಮುಂದಿನ ಗಾಲಿ ನೀರು ಮುಟ್ಟಿತು.

ಎಸ್ಸೆಸ್ಸೆಲ್ಸಿಯಲ್ಲಿ ತಾಲೂಕಿಗೇ ಎರಡನೆಯವಳು ನಾನು. ಈ ನೌಕರಿಯೂ ಅಂಕದ ಮೇಲೆಯೇ ಸಿಕ್ಕಿದ್ದು. ಪ್ರಗತಿಪತ್ರದಲ್ಲಿ ನನಗೆ ‘ಶಾಂತ ಸ್ವಭಾವ’ ಎಂದೂ ನಿನಗೆ ‘ಮಾತು ಅತಿ’ ಎಂದೂ ಬರೆದದ್ದು ಒಬ್ಬರೇ ಟೀಚರು. ಆದರೆ ಆ ಗಳಿಗೆಯಲ್ಲಿ ನನಗೆ ನೆನಪಾದವಳು ನೀನು. ಹದಿಮೂರು ವರ್ಷದವಳಿದ್ದಾಗ ರೇಷನ್ ಅಂಗಡಿಯ ಮುಂದೆ, ಮಷೀನಿಗೆ ಬೆರಳಚ್ಚು ಹತ್ತದೆ ಬರಿಗೈಲಿ ಹೊರಟಿದ್ದ ಮುದುಕಿಯ ಕೈ ಹಿಡಿದು ನಿಲ್ಲಿಸಿ, “ಈ ಆಯಿಗೆ ಅಕ್ಕಿ ಕೊಡೂತನ ಯಾರೂ ಮುಂದ ಸರಿಯಂಗಿಲ್ಲ!” ಎಂದು ಕೂಗಿದ್ದೆಯಲ್ಲ. ಮೀಸೆ ಹೊತ್ತ ಗಂಡಸರೂ ಸುಮ್ಮನೆ ನಿಂತಿದ್ದರು. ನಾನು ನಿನ್ನ ಹಿಂದೆ ನಿಂತು ನಾಚಿಕೆಯಿಂದ ಮುಖ ಮುಚ್ಚಿಕೊಂಡಿದ್ದೆ. ಈಗ ನೀನು ಕೂಗಿದ ಹಾಗೆಯೇ, ನಿನ್ನದೇ ಗಂಟಲಿನಲ್ಲಿ ಕೂಗಿದೆ: “ಸುಂಕಪ್ಪಣ್ಣಾ, ಬ್ರೇಕ್ ಹಾಕ್ರಿ! ಎಲ್ಲಾರೂ ಕುಂದರ್ರಿ! ನಾ ಸೀಟಿ ಹೊಡಿಯೂತನ ಈ ಗಾಡಿ ಹೋಗಂಗಿಲ್ಲ!”

ಗಾಡಿ ಜಗ್ಗಿ ನಿಂತಿತು. ರೈಲಿನವನು ಬಾಯಿಗೆ ಬಂದಂತೆ ಬೈದ, ಬೈಸಿಕೊಂಡೆ. ಸುಂಕಪ್ಪಣ್ಣ ಮೆಲ್ಲಗೆ ಹಿಂದಕ್ಕೆ ತೆಗೆದ. ಹತ್ತು ನಿಮಿಷವೂ ಆಗಿರಲಿಲ್ಲ, ಎದುರಿನಿಂದ ಒಂದು ಗೂಡ್ಸ್ ಆಟೋ ನೀರಿಗಿಳಿಯಿತು. ನಡುಮಧ್ಯ ಬಂದು, ಒಂದು ಸುತ್ತು ತಿರುಗಿ, ಕೆಳಗೆ ಹೋಯಿತು. ಓಡಿಸುತ್ತಿದ್ದವನು ಜಾಲಿಗಿಡ ಹಿಡಿದು ಚೀರುತ್ತಿದ್ದ. ನಮ್ಮ ಬಸ್ಸಿನವರೇ ಹಗ್ಗ ಎಸೆದು ಎಳೆದುಕೊಂಡರು, ಬದುಕಿದ. ರೈಲಿನವನು ಸೀಟಿನಲ್ಲಿ ಕೂತು ಅಳುತ್ತಿದ್ದ. ನನಗೆ ಈಗಲೂ ಕಣ್ಣು ಮುಚ್ಚಿದರೆ ನೀರಿನಲ್ಲಿ ತಿರುಗುವುದು ಆಟೋ ಅಲ್ಲ, ನಮ್ಮ ಬಸ್ಸು. ಮೂರನೇ ಸೀಟಿನಲ್ಲಿ ಒಬ್ಬಾಕೆ ಕೂಸಿಗೆ ಹಾಲು ಕುಡಿಸುತ್ತಿದ್ದಳು.

ನಿನ್ನೆ ಡಿಪೋ ಮ್ಯಾನೇಜರ್ ಮೌನಪ್ಪ ಸಾಹೇಬರು ಕರೆಸಿದ್ದರು. “ನಿಮ್ಮನ್ನೆಲ್ಲಾ ಮಾರ್ಕ್ಸ್ ನೋಡಿ ತಗೊಂಡೀವಿ. ಇಂಥಾದ್ದು ಬರತದೋ ಇಲ್ಲೋ ಅಂತ ಯಾವ ಪರೀಕ್ಷಾದಾಗ ಕೇಳೋದವ್ವಾ? ಎಲ್ಲಿ ಕಲ್ತಿ?” ಎಂದರು. ನನ್ನ ತಂಗಿಯ ಹತ್ತಿರ ಎಂದೆ. “ಆಕಿ ಏನ್ ಓದ್ಯಾಳ?” ಎಂದರು. “ಪಿಯುಸಿ ಫೇಲ್ ರೀ” ಎಂದೆ. ಹಾಗೆನ್ನುವಾಗ ತಲೆ ತಗ್ಗಿಸಲಿಲ್ಲ. ಫಿಸಿಕ್ಸ್ ನಿನಗೆ ಬರುವುದಿಲ್ಲ, ಆ ವಿಷಯದಲ್ಲಿ ನಿನಗೆ ಸುಳ್ಳು ಹೇಳಲಾರೆ. ಆದರೆ ಶನಿವಾರ ಆ ನಲವತ್ತಾರು ಜನ ಮನೆ ಮುಟ್ಟಿದ್ದು ನಿನ್ನಿಂದ.

ನಿನ್ನ ಮನಸ್ಸು ತಣ್ಣಗಿರಲಿ, ಕಣ್ತುಂಬ ನಿದ್ದೆ ಬರಲಿ.

ನಿನ್ನ ಅಕ್ಕ,
ಶಶಿಕಲಾ

ತಾ.ಕ.: ಮಾನ್ವಿ ಗಾಡಿಯ ಕಂಡಕ್ಟರ್ ಅಂಬರೇಶನ ಕೈಲಿ ಇದನ್ನು ಕೊಟ್ಟು ಕಳಿಸೋಣವೆಂದು ಬಸ್‌ಸ್ಟ್ಯಾಂಡಿಗೆ ಬಂದೆ. ಅಷ್ಟರಲ್ಲಿ ಅತ್ತೆಯ ಫೋನು. ನಿನ್ನ ಕಿವಿಯೋಲೆ, ಹೊಸ ಬಟ್ಟೆ ಎಲ್ಲ ಓಣಿಯ ಹುಡುಗಿಯರಿಗೆ ಹಂಚಿಬಿಟ್ಟೆಯಂತೆ, “ಇನ್ನ ನನಗ್ಯಾಕ ಬೇಕು” ಅಂದೆಯಂತೆ. ಹಳ್ಳದ ಹೆದರಿಕೆ ಇದರ ಮುಂದೆ ಏನೂ ಅಲ್ಲ. ಇವತ್ತು ಡ್ಯೂಟಿಗೆ ಬರುವುದಿಲ್ಲ ಎಂದು ಸಾಹೇಬರಿಗೆ ಹೇಳಿ ನಾನೇ ಗಾಡಿ ಹತ್ತಿದ್ದೇನೆ. ದಾರಿಯಲ್ಲಿ ಕಲ್ಮಲ ಊರು ದಾಟಿತು. ನಿನ್ನ ಪಕ್ಕ ಬಿಟ್ಟು ಏಳಬೇಡಿ ಎಂದು ಅತ್ತೆಗೆ ಹೇಳಿದ್ದೇನೆ. ನೀನಿದನ್ನು ಓದುವಾಗ ನಾನು ನಿನ್ನ ಎದುರಿಗೇ ಕೂತಿರುತ್ತೇನೆ. ಮನಸ್ಸಿನಲ್ಲಿ ಎಂಥ ಕೆಟ್ಟ ಯೋಚನೆಯಿದ್ದರೂ ನನ್ನ ಹತ್ತಿರ ಹೇಳು, ಬೈಯುವುದಿಲ್ಲ. ಬೇಕಾದರೆ ನೀನೇ ನನ್ನನ್ನು ಬೈ, ನಾಗೂ. ಜೋರಾಗಿ ಬೈ.