ಹೊಸ್ತಿಲ ಬಳಿಯ ಗಿಡ

ಸುನ್ನೇವಾ,

ಇವತ್ತು ಉಣ್ಣೆ ಕತ್ತರಿಸುವ ದಿನ, ಕುರಿ ಇಳಿಸಲು ಗುಡ್ಡಕ್ಕೆ ಹೊರಟೆ. ನಮ್ಮ ಮಗಳ ಕ್ಯಾಮೆರಾ ಮೇಜಿನ ಮೇಲಿದೆ. ಮೊನ್ನೆ ಬ್ಯಾಟರಿ ಹಾಕುವಾಗ ರೀಲಿಗೆ ಬೆಳಕು ಬಿದ್ದೀತೆಂದು ನಾನು ಕಂಬಳಿಯೊಳಗೆ ಹೊಕ್ಕಿದ್ದೆ. ಮರ್ಯುನ್ ಬಿದ್ದು ಬಿದ್ದು ನಕ್ಕಳು: "ಅಯ್ಯೋ ಅಪ್ಪಾ, ಹೊರಗ್ ಬಾ! ಇದ್ರಲ್ಲಿ ರೀಲೇ ಇಲ್ಲ!" ರೀಲಿಲ್ಲದೆ ಇಷ್ಟೆಲ್ಲ ಹೇಗೆ ಹಿಡಿದಿಟ್ಟುಕೊಂಡಿದೆಯೋ, ನನಗೆ ಮೈ ಜುಮ್ಮೆನ್ನುತ್ತದೆ.

ಮಂಡಿ ಹೋಯಿತು, ದೋಣಿ ಹತ್ತಲಾರೆ, ಹುಟ್ಟಿದ ಮನೆಯನ್ನು ಇನ್ನು ಕಾಣೆ ಎಂದು ಅತ್ತಿದ್ದೆಯಲ್ಲ. ನಿನ್ನೆ ನಿನ್ನ ಆ ದ್ವೀಪಕ್ಕೇ ಹೋಗಿದ್ದೆ, ಈ ಕ್ಯಾಮೆರಾ ಹಿಡಿದು.

ತ್ರಿಕೋನದ ಗುಂಡಿ ಒತ್ತು, ಮನೆ ಬರುತ್ತದೆ. ಕಸದ ಬುಟ್ಟಿಯ ಗುರುತು ಮಾತ್ರ ಮುಟ್ಟಬೇಡ, ಚಿತ್ರ ಅಳಿಸಿಹೋಗುತ್ತದೆ. ಮೇಲಿನ ಸಣ್ಣ ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಬಾಗಿಲು ಹತ್ತಿರ ಬರುತ್ತದೆ. ಹುಲ್ಲಿನ ಮಾಡು ಕುಸಿದಿದೆ, ನೊಂದುಕೊಳ್ಳಬೇಡ. ಇನ್ನೂ ತಳ್ಳು. ಹೊಸ್ತಿಲ ಬಳಿ ನಿನ್ನಮ್ಮ ನೆಟ್ಟ ರೂಬಾರ್ಬ್ ಗಿಡ ಎಲೆ ಬಿಟ್ಟು ನಿಂತಿದೆ.

ಹನುಸ್