ಅಳುತ್ತಿರುವವರು ಯಾರೆಂದು ನಮೂದಿಸಿ

೧೪ ಮಾರ್ಚ್, ಭಾನುವಾರ

ಪ್ರೀತಿಯ ಮಗಳು ಗಿಣಿಗೆ,

ಅಪ್ಪನ ಆಶೀರ್ವಾದ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ, ನನ್ನ ಎಡಮಂಡಿಯೊಂದನ್ನು ಬಿಟ್ಟು. ನಿನ್ನ ಪತ್ರ ಬಂದು ಮೂರು ವಾರವಾಯಿತು. ಕೆಲಸದ ಗಡಿಬಿಡಿಯಲ್ಲಿ ಉತ್ತರ ತಡವಾಯಿತು ಎಂದು ಬರೆಯುತ್ತಿದ್ದೆ. ನಿನ್ನಮ್ಮ ಹಿಂದೆ ನಿಂತು ಓದಿ, "ರಿಟೈರ್ ಆಗಿ ವರ್ಷ ಆಯ್ತು, ಯಾವ ಕೆಲ್ಸಾರೀ ಅದು?" ಎಂದಳು. ಆದ್ದರಿಂದ ಬರೀ ಕ್ಷಮಿಸು ಎನ್ನುತ್ತೇನೆ. ಅವಳು ಒಳಗೆ ಹೋದಳು. ಇನ್ನು ಧಾರಾಳವಾಗಿ ಬರೆಯಬಹುದು.

ನಿನ್ನ ಪತ್ರದಲ್ಲಿ 'ಮೇಡಂ' ಹನ್ನೊಂದು ಸಲ ಬಂದಿದ್ದಾರೆ. ಎಣಿಸಿದೆ. ಮೇಡಂ ರಷ್ಯನ್ ಕವಿತೆ ಓದಿದರೆ ಇಡೀ ತರಗತಿ ಉಸಿರು ಬಿಗಿಹಿಡಿಯುತ್ತದಂತೆ. ಮೇಡಂ ಒಂದೇ ವಾಕ್ಯದ ಮೇಲೆ ಎರಡು ಗಂಟೆ ಮಾತಾಡುತ್ತಾರಂತೆ. ಅಪ್ಪ ಬಂದದ್ದು ಒಂದೇ ಸಲ, ಅದೂ ಮಾತ್ರೆ ಮರೆಯಬಾರದೆಂದು. ಹೊಟ್ಟೆ ಉರಿಯಿತು, ಗಿಣಿ. ಸುತ್ತಿ ಬಳಸಿ ಹೇಳುವುದೇಕೆ? ಮುದ್ರಣಾಲಯದ ರದ್ದಿ ಹಾಳೆಯ ಹಿಂಬದಿಯಲ್ಲಿ ನಿನಗೆ ರಷ್ಯನ್ ಅಕ್ಷರ ತಿದ್ದಿಸಿದವನು ನಾನು. ಈಗ ಎಂ.ಎ. ಎರಡನೇ ವರ್ಷಕ್ಕೆ ಬಂದು, ನನ್ನ ರಷ್ಯನ್ನಿಗೆ ಯಂತ್ರದ ಗ್ರೀಸಿನ ವಾಸನೆ ಇದೆ ಎನ್ನುತ್ತೀಯ.

ಇರಲಿ, ಏನೀಗ? ಇಪ್ಪತ್ತೆಂಟು ವರ್ಷ ನಾನು ಅನುವಾದಿಸಿದ್ದು ಲೇತು, ಟ್ರ್ಯಾಕ್ಟರು, ಪಂಪುಗಳ ಕೈಪಿಡಿ. ಅಲ್ಲಿ ಒಂದು ಭಾಗಕ್ಕೆ ಒಂದೇ ಹೆಸರು. ಮೊದಲ ಪುಟದಲ್ಲಿ ಏನೆಂದು ಕರೆದೆವೋ ಕೊನೆಯ ಪುಟದಲ್ಲೂ ಅದೇ. ಸುಮ್ಮನೆ 'ಅದನ್ನು ತಿರುಗಿಸಿ' ಎಂದರೆ ಯಾರದೋ ಬೆರಳು ಹೋಗುತ್ತದೆ. ನನ್ನ ರಷ್ಯನ್ನಿನಲ್ಲಿ ಯಾರೂ ಯಾರನ್ನೂ ಪ್ರೀತಿಸಲಿಲ್ಲ, ಎಲ್ಲರೂ ಬೋಲ್ಟು ಬಿಗಿಮಾಡುವವರೇ. ನಿನ್ನ ರಷ್ಯನ್ನಿನಲ್ಲಿ ಜನ ಕಿಟಕಿಯ ಬಳಿ ನಿಂತು ಪತ್ರ ಓದುತ್ತಾರೆ, ಮುನಿಸಿಕೊಳ್ಳುತ್ತಾರೆ. ಅದರ ಮೇಲೂ ನನಗೆ ಹೊಟ್ಟೆಕಿಚ್ಚೇ.

ಈ ಪತ್ರಕ್ಕೂ ಮೊದಲು ನೀನು ಪ್ರಬಂಧಕ್ಕೆಂದು ಅನುವಾದಿಸಿದ ಕಥೆಯನ್ನು ಕಳಿಸಿ, "ಮೇಡಂಗೆ ಮಂಗಳವಾರ ಕೊಡ್ಬೇಕು, ಅವರಿಗಿಂತ ಮೊದ್ಲು ನೀನು ನೋಡಪ್ಪ" ಎಂದು ಬರೆದೆಯಲ್ಲ, ನನ್ನ ಹಿಗ್ಗು ಹೇಳತೀರದು. ಎರಡು ದಿನ ಕುರ್ಚಿ ಬಿಟ್ಟೇಳಲಿಲ್ಲ. ವಾಕ್ಯಗಳಿಗೆಲ್ಲ ಸಂಖ್ಯೆ ಹಾಕಿದೆ. ನಾಯಕಿಯನ್ನು ಒಂದು ಕಡೆ ವಿಧವೆ, ಇನ್ನೊಂದು ಕಡೆ ಮನೆಯೊಡತಿ ಎಂದಿದ್ದೆ. ಎಲ್ಲ ಕಡೆ ವಿಧವೆ ಎಂದೇ ಮಾಡಿದೆ. ಮೂವರಿದ್ದ ಕೋಣೆಯಲ್ಲಿ 'ಅಳು ಕೇಳಿಸಿತು' ಎಂದಷ್ಟೇ ಇತ್ತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: 'ಅಳುತ್ತಿರುವವರು ಯಾರೆಂದು ನಮೂದಿಸಿ.'

ನೀನು ಅವಸರದಲ್ಲಿ ಶುದ್ಧಪ್ರತಿಯನ್ನು ಹಾಸ್ಟೆಲಿನಲ್ಲೇ ಬಿಟ್ಟು, ನಾನು ತಿದ್ದಿ ಕಳಿಸಿದ ಹಾಳೆಗಳನ್ನೇ ಮೇಡಂ ಕೈಗೆ ಕೊಟ್ಟೆಯಂತೆ. ಅವರು ಅಲ್ಲೇ ಗಟ್ಟಿಯಾಗಿ ಓದಿದರಂತೆ. "ಎಲ್ರಿಗೂ ತುಂಬಾ ಇಷ್ಟ ಆಯ್ತಪ್ಪ" ಎಂದು ಈ ಪತ್ರದಲ್ಲಿ ಬರೆದಿದ್ದೀಯ. "ಮೇಡಂ ನಿಮ್ಮನ್ನ ಹೊಗಳಿದ್ರಾ?" ಎಂದು ನಿನ್ನಮ್ಮ ಕೇಳಿದಳು. ಹೂಂ ಎಂದೆ. ಆ ಹೂಂಗೆ ಇನ್ನೊಂದು ಲೋಟ ಚಹಾ ಸಿಕ್ಕಿತು.

ಮುಂದಿನ ಕಥೆಯನ್ನು ನನಗೆ ಕಳಿಸಬೇಡ. ಕೋಪದಿಂದ ಹೇಳುತ್ತಿಲ್ಲ. ಇಲ್ಲ, ಕೋಪದಿಂದಲೇ ಹೇಳುತ್ತಿದ್ದೇನೆ. ಮೇಡಂಗೆ ನನ್ನ ನಮಸ್ಕಾರ ತಿಳಿಸು, ಬಲವಂತವೇನಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಓದಿನಲ್ಲಿ ಅವರನ್ನೂ ಮೀರಿಸು. ನಿನ್ನ ಮೇಲೆ ಯಾರ ಕಣ್ಣೂ ಬೀಳದಿರಲಿ, ನನ್ನದೂ.

ನಿನ್ನ
ಅಪ್ಪ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ, ಆದರೆ ಬರೆಯದೆ ಲಕೋಟೆ ಅಂಟಿಸಲಾಗುತ್ತಿಲ್ಲ. ಮೇಡಂ ಏನೆನ್ನುತ್ತಾರೋ ಎಂದು ತಡೆಯಲಾರದೆ ಆ ಮಂಗಳವಾರ ನಾನೂ ಅಲ್ಲಿಗೆ ಬಂದಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಿಮ್ಮ ತರಗತಿಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಮೇಡಂ ನನ್ನ ಕೆಂಪು ಶಾಯಿಯ ಸಾಲು ಓದಿದಾಗ ಎಲ್ಲರೂ ನಕ್ಕರು, ನಿನ್ನ ನಗುವೂ ಕೇಳಿಸಿತು. ಅದಕ್ಕೆ ಬೇಸರವಿಲ್ಲ, ನಗುವಂಥದ್ದೇ ಬರೆದಿದ್ದೆ. ಆಮೇಲೆ ಮೇಡಂ, "ಯಾರಮ್ಮ ಇದನ್ನ ತಿದ್ದಿದ್ದು?" ಎಂದು ಕೇಳಿದರು. "ಯಾರೋ ಪರಿಚಯದವ್ರು ಮೇಡಂ, ನಮ್ಮನೆ ಹತ್ರ ಇದಾರೆ" ಎಂದೆ ನೀನು. ಬಾಗಿಲ ತನಕ ಬಂದವನು ಹಿಂತಿರುಗಿದೆ. ಕಾವಲುಗಾರ, "ಯಾರನ್ನ ನೋಡ್ಬೇಕಿತ್ತು ಸಾರ್?" ಎಂದ. ನಿನ್ನ ಅಪ್ಪ ಎಂದು ಹೇಳಲು ನನಗೂ ನಾಚಿಕೆಯಾಯಿತು.