ಜೋಡಿಮಣೆಯ ಡಬ್ಬಿಗೊಂದು ಚೀಟಿ

ಗದಗ
ಫೆಬ್ರವರಿ ಮೂವತ್ತು, ೨೨೧೪

ಎರಡು ಹೋಳಿನ ಕೀಬೋರ್ಡುಗಳನ್ನು ಡಬ್ಬಿ ಕಟ್ಟಿ ಗದಗಿನ ಗೋದಾಮಿನಲ್ಲಿ ಇಡಲಿರುವ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದು ಕಾಗದ ಮಡಚಿಡಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನ ಇಲ್ಲವೆಂದು ಬಲ್ಲೆ. ನಮ್ಮ ಹಿಂದಿನವರು ಹನ್ನೆರಡು ತಿಂಗಳಿಗೂ ಸಮಪಾಲು ಹಂಚಿದಾಗ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿತು. ಮಿಕ್ಕ ದಿನಗಳು ಯಾರ ಪಾಲಿಗೂ ಬರದೆ ಹಬ್ಬದ ರಜೆಗೆ ಸೇರಿದವು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ತಪ್ಪಕ್ಷರ ಕಂಡರೂ ಕ್ಷಮಿಸಿ, ಅದರ ಕಾರಣ ಮುಂದೆ ಬರುತ್ತದೆ. ಕಾಗದದ ತಲೆಗೆ ‘ಉಭಯ ಕುಶಲೋಪರಿ’ ಎಂದು ಬರೆಯುವುದು ಹಳೆಯ ಮರ್ಯಾದೆಯಂತೆ. ನಾನು ಬರೆಯಲಾರೆ. ಇಲ್ಲಿ ಒಬ್ಬಳ ಕೈ ಕುಶಲವಾಗಿಲ್ಲ, ನನ್ನ ಮನಸ್ಸೂ ನಿಂತಲ್ಲಿ ನಿಲ್ಲುತ್ತಿಲ್ಲ.

ನಮ್ಮಲ್ಲಿ ಹಿಂದಂಚೆ ಎಂಬುದೊಂದು ಇದೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಅದು ತಲುಪಿತೋ ಇಲ್ಲವೋ ಎಂದು ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ತಲುಪಿದರೆ ಲೋಕವೇ ಬದಲಾಗಿ, ಬರೆದವರಿಗೆ ಬರೆದ ನೆನಪೂ ಉಳಿಯುವುದಿಲ್ಲ. ನಮ್ಮ ಓಣಿಯ ಅರ್ಧ ಜನ ತಮ್ಮ ಅಜ್ಜಿಯ ಮದುವೆ ತಪ್ಪಿಸಲು ಬರೆದಿದ್ದಾರೆ. ಯಾರೂ ಮಾಯವಾಗಿಲ್ಲವಾದ್ದರಿಂದ, ಅಜ್ಜಿಯರು ಆಗಲೂ ಹೇಳಿದ ಮಾತು ಕೇಳುತ್ತಿರಲಿಲ್ಲ ಎಂದು ತಿಳಿದುಕೊಂಡಿದ್ದೇವೆ. ನಾನು ನನ್ನ ಕಾಗದವನ್ನು ಇಷ್ಟು ದಿನ ಕಾಪಾಡಿಕೊಂಡು ಬಂದು, ಇಂದು ಒಂದು ಕೀಬೋರ್ಡಿನ ಸಲುವಾಗಿ ಖರ್ಚು ಮಾಡುತ್ತಿದ್ದೇನೆ. ನಗಬೇಡಿ.

ನಾನು ಸಾಕ್ಷಿಮನೆಯಲ್ಲಿ ಬರೆಯುವವಳು. ಮದುವೆಯ ಮಾತು, ಜಗಳದ ಮಾತು, ಸಾಯುವವರ ಕೊನೆಯ ಮಾತು, ಎಲ್ಲವನ್ನೂ ಜನ ಅಲ್ಲಿಗೆ ಬಂದು ಬರೆಸುತ್ತಾರೆ. ಮೊದಲು ಈ ಕೆಲಸವನ್ನು ಯಂತ್ರಗಳೇ ಕೇಳಿಸಿಕೊಂಡು ಮಾಡುತ್ತಿದ್ದವು. ಬರಬರುತ್ತಾ ಅವು ಹೇಳಿದ್ದನ್ನು ಬಿಟ್ಟು ಹೇಳಬೇಕಾಗಿದ್ದನ್ನು ಬರೆಯತೊಡಗಿದವು. ಹೆಣ್ಣೊಬ್ಬಳು “ನನಗ ಅಂವ ಬ್ಯಾಡ” ಎಂದರೆ ಯಂತ್ರವು “ನನಗೆ ಸ್ವಲ್ಪ ಕಾಲಾವಕಾಶ ಬೇಕು” ಎಂದು ಬರೆದು ಅವಳ ಮದುವೆಯನ್ನೇ ಮಾಡಿಸಿಬಿಟ್ಟಿತಂತೆ. ಊರವರು ರೊಚ್ಚಿಗೆದ್ದು, ಇನ್ನು ಮನುಷ್ಯರ ಕೈಯೇ ಬರೆಯಲಿ ಎಂದರು. ಆದರೆ ಕೈಯಿಂದ ಕೀಲಿ ಒತ್ತಿ ಬರೆದವರನ್ನು ಕಂಡವರೇ ಆಗ ಬದುಕಿರಲಿಲ್ಲ. ಹುಡುಕುತ್ತಾ ಹೋದಾಗ ಮುಚ್ಚಿಹೋಗಿದ್ದ ಒಂದು ಗೋದಾಮಿನಲ್ಲಿ ನಿಮ್ಮ ಡಬ್ಬಿಗಳು ಸಿಕ್ಕವು.

ಡಬ್ಬಿ ತೆರೆದರೆ ಒಂದು ಮಣೆಯಲ್ಲ, ಎರಡು ಹೋಳು! ನಡುವೆ ಒಂದು ತಂತಿ. ಬಲಹೋಳಿನ ತುಂಬ ವ್ಯಂಜನಗಳು, ಎಡಹೋಳಿನಲ್ಲಿ ಸ್ವರಗಳ ಗುರುತುಗಳು. ಕಾಗುಣಿತ ಬಲ್ಲ ನಮ್ಮ ಹಿರಿಯರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ಇದು ಬೀಸುಕಲ್ಲಿನಂತೆ ಇಬ್ಬರು ಎದುರುಬದುರು ಹಿಡಿಯುವ ಕೆಲಸ ಎಂದು ತೀರ್ಮಾನಿಸಿದರು. ಒಬ್ಬರು ವ್ಯಂಜನ ಕೊಡಬೇಕು, ಇನ್ನೊಬ್ಬರು ಸ್ವರ ತುಂಬಬೇಕು. ಅದಕ್ಕೆ ಜೋಡಿಮಣೆ ಎಂದು ಹೆಸರಿಟ್ಟರು. ನಡುವಿನ ತಂತಿಯನ್ನು ಸುತ್ತಿ ಬಿಗಿದು ಸೆರಗುಗಂಟು ಎಂದರು. ಆಮೇಲೆ ಇಬ್ಬರೂ ಪಕ್ಕಪಕ್ಕದಲ್ಲಿ ಕೂತರೆ ಕೆಲಸ ಬೇಗ ಆಗುತ್ತದೆಂದು ಕಂಡು ಭುಜಕ್ಕೆ ಭುಜ ತಾಗಿಸಿ ಕೂರಿಸಿದರು. ಸಾಕ್ಷಿಮನೆಯ ಬಾಗಿಲ ಮೇಲೆ ‘ಒಂದೇ ಕೈಯಿಂದ ಚಪ್ಪಾಳೆಯಾಗದು’ ಎಂದು ಕೆತ್ತಿಸಿದ್ದೂ ಅವರೇ. ಚಪ್ಪಾಳೆಗೆ ಬೇಕಾದ ಎರಡು ಕೈ ಒಬ್ಬಳಿಗೇ ಇರುತ್ತವೆಂದು ಆ ಮಹಾನುಭಾವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಾನು ಎಡಹೋಳಿನವಳು. ನನ್ನ ಬಲಹೋಳು ದಾಕ್ಷಾಯಣಿ. ಇಬ್ಬರೂ ಹರೆಯದಲ್ಲಿ ಗಂಟು ಕಟ್ಟಿಸಿಕೊಂಡವರು, ಈಗ ಇಬ್ಬರ ತಲೆಯೂ ನರೆತಿದೆ. ಆಕೆ ‘ಕ’ ಒತ್ತಿದ ಉಸಿರಿನಲ್ಲೇ ನಾನು ಅದಕ್ಕೆ ಗುಡಿಸು ಕೊಡಬೇಕು, ಇಲ್ಲವೇ ಕೊಂಬು ಕೊಡಬೇಕು. ಆಕೆಗೆ ಕೆಮ್ಮು ಬರುವುದು ಆಕೆಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಮ, ನ, ವ ಎಂಬ ಮೂರು ವ್ಯಂಜನ ಮಾತ್ರ ಯಾಕೋ ನನ್ನ ಕಡೆಗೆ ಬಂದುಬಿಟ್ಟಿವೆ. ಹಾಗಾಗಿ ‘ನಾನು’, ‘ನೀನು’, ‘ನೋವು’ ಎಂಬ ಮಾತುಗಳನ್ನು ನಾನೊಬ್ಬಳೇ ಬರೆಯಬಲ್ಲೆ. ದಾಕ್ಷಾಯಣಿ ಅದಕ್ಕೇ ಕಾಡುತ್ತಿದ್ದಳು: “ನಿಂದೇನವಾ ಚಂಪಿ, ಅಳೋದಕ್ಕ ಯಾರ ಹಂಗೂ ಇಲ್ಲ ನಿನಗ.”

ಆದರೆ ಒಂದು ಹೋಳು ಎಷ್ಟಗಲ? ಚಾಚಿದ ಒಂದು ಅಂಗೈಯಷ್ಟು. ಅದರ ಮೇಲೆ ಒಬ್ಬೊಬ್ಬರು ಎರಡೆರಡು ಕೈ ತುರುಕಿಕೊಂಡು, ಮಣಿಕಟ್ಟು ಹೊರಕ್ಕೆ ತಿರುಚಿ, ಎದೆ ಕುಗ್ಗಿಸಿ ಕೂರುತ್ತೇವೆ. ಇಡೀ ದಿನ ಹಾಗೆ ಕೂತು ನೋಡಿ, ಆಮೇಲೆ ಮಾತಾಡಿ. ವ್ಯಂಜನದ ಕಡೆ ಕೆಲಸ ಹೆಚ್ಚು. ದಾಕ್ಷಾಯಣಿಯ ಬೆರಳಿಗೆ ಮೊದಲು ಜೋಮು ಹಿಡಿಯಿತು, ಆಮೇಲೆ ಮಣಿಕಟ್ಟು ಬಾತಿತು. ಓಣಿಯಲ್ಲೇ ಅವಳಷ್ಟು ತೆಳ್ಳಗೆ ಜೋಳದ ರೊಟ್ಟಿ ಬಡಿಯುವವರಿರಲಿಲ್ಲ. ಈಗ ಹಿಟ್ಟು ನಾದಲೂ ಆಗುವುದಿಲ್ಲ. ಕೇಳಿದರೆ, “ಹಲ್ಲೂ ಹೋಗ್ಯಾವ, ರೊಟ್ಟೀನೂ ಹೋತು, ಲೆಕ್ಕ ಸರಿ ಆತಲ್ಲ” ಎನ್ನುತ್ತಾಳೆ. ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಗೊತ್ತಾಗದೆ ಇನ್ನಷ್ಟು ಬರುತ್ತದೆ.

ಹೋದ ದಸರೆಯಲ್ಲಿ, ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ, ಆಕೆ ಕೈ ತಿಕ್ಕಿಸಿಕೊಳ್ಳಲು ಹೋಗಿದ್ದಳು. ಪೂಜೆಗೆಂದು ಮಣೆ ಒರೆಸುತ್ತಿದ್ದ ನನಗೆ ಗಂಟಿನ ಸಂದಿಯ ಧೂಳು ಬಿಡಲಿಲ್ಲ. ಬಿಚ್ಚಬಾರದು, ಬಿಚ್ಚಿದೆ. ತಂತಿ ಸುರುಳಿ ಬಿಟ್ಟುಕೊಂಡು ಸರಿಯಾಗಿ ನನ್ನ ಎರಡು ಭುಜಗಳ ನಡುವಿನಷ್ಟು ಉದ್ದವಾಯಿತು. ಹೋಳುಗಳ ಅಡಿಯಲ್ಲಿ, ಹೆಬ್ಬೆರಳ ಕಡೆಗೆ, ಮಡಚುವ ಪುಟ್ಟ ಕಾಲುಗಳಿವೆ; ಅವು ಡಬ್ಬಿಗೆ ಸಿಕ್ಕಿಸುವ ಕೊಕ್ಕೆ ಎಂದು ನಮಗೆ ಕಲಿಸಿದ್ದರು. ಅವನ್ನೂ ಬಿಚ್ಚಿದೆ. ಹೋಳುಗಳ ಒಳಅಂಚು ಮೇಲೆದ್ದು ನಿಂತಿತು. ಸುಮ್ಮನೆ ಒಂದೊಂದರ ಮೇಲೆ ಒಂದೊಂದು ಕೈ ಇಟ್ಟೆ. ಚಹಾದ ಲೋಟ ಹಿಡಿಯಲು ಹೋದ ಹಾಗೆ ಕೈಗಳು ತಾವಾಗಿ ಓರೆಯಾಗಿ ಕೂತವು. ಮಣಿಕಟ್ಟು ನೆಟ್ಟಗಾಯಿತು, ಭುಜ ಕೆಳಗಿಳಿಯಿತು, ಎದೆ ತುಂಬ ಉಸಿರು ಬಂತು. ಇಷ್ಟು ವರ್ಷ ನನಗೆ ಭುಜ ಎಂಬುದೊಂದಿದೆ ಎಂದೇ ಮರೆತಿದ್ದೆ. ಇದು ಒಬ್ಬರಿಗಾಗಿ ಮಾಡಿದ್ದು, ಆ ಒಬ್ಬರು ನೋಯದಿರಲಿ ಎಂದೇ ಮಾಡಿದ್ದು ಎಂದು ಆಗ ತಿಳಿಯಿತು. ಕೂತಲ್ಲೇ ಅತ್ತುಬಿಟ್ಟೆ.

ಮರುದಿನ ಊಟದ ಹೊತ್ತಿನಲ್ಲಿ ದಾಕ್ಷಾಯಣಿಯನ್ನು ಹಾಗೆಯೇ ಕೂರಿಸಿದೆ. ಆಕೆ ಎರಡೂ ಕೈ ಇಟ್ಟಳು. ಆಕೆಯ ಭುಜವೂ ಇಳಿಯಿತು, ಹುಬ್ಬಿನ ಗಂಟು ಸಡಿಲಾಯಿತು. ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಆಕೆ ನನ್ನ ಮುಖವನ್ನೇ ನೋಡಿ, “ಹಂಗಾರ ಇಷ್ಟು ವರ್ಷ ನಾವಿಬ್ರೂ ಯಾಕ ಕೂತ್ವಿ, ಚಂಪಿ?” ಎಂದಳು. ಆಕೆ ಹೋಳುಗಳನ್ನು ಮತ್ತೆ ಹತ್ತಿರಕ್ಕೆಳೆದು, ಜೋಮು ಹಿಡಿದ ಬೆರಳಲ್ಲೇ ಗಂಟು ಬಿಗಿದಳು. “ಯಾರ ಮುಂದೂ ಬಾಯಿ ಬಿಡಬ್ಯಾಡ. ಒಬ್ಬಾಕಿ ಬರದ್ರ ಸಾಕಂತ ಗೊತ್ತಾದ್ರ, ಅರ್ಧ ಮಂದಿನ್ನ ನಾಳಿನೇ ಮನಿಗೆ ಕಳಸ್ತಾರ. ಮೊದ್ಲ ಹೋಗಾಕಿ ನಾನು.”

ಆಕೆ ಹೇಳಿದ್ದು ನಿಜ. ನಮ್ಮಲ್ಲಿ ಒಬ್ಬರೇ ಬರೆದುದಕ್ಕೆ ಒಂಟಿಬರಹ ಎನ್ನುತ್ತಾರೆ, ಅದು ಕಳ್ಳಬರಹಕ್ಕೆ ಸಮ. ಬಾಯಿ ಬಿಟ್ಟರೆ ಆಕೆಯ ಕುರ್ಚಿ ಹೋಗುತ್ತದೆ, ಬಿಡದಿದ್ದರೆ ಕೈ ಹೋಗುತ್ತದೆ. ಈಗ ಕುರ್ಚಿಯೂ ಉಳಿಯುವಂತಿಲ್ಲ. ಬರುವ ಸೋಮವಾರ ಹಿರಿಯರು ಕೈನೋಟಕ್ಕೆ ಬರುತ್ತಾರೆ. ಯಾರ ಬೆರಳು ತಡವರಿಸುತ್ತದೋ ಅವರ ಗಂಟು ಬಿಚ್ಚಿ, ಉಳಿದ ಹೋಳಿನವರಿಗೆ ಹೊಸಬರನ್ನು ತಂದು ಕಟ್ಟುವ ಪದ್ಧತಿ. ನನಗೆ ಹೊಸಬರು ಬೇಡ. ಆಕೆ ತಡವರಿಸಿದಲ್ಲಿ ನಾನೇ ಕೀಲಿ ಒತ್ತಿಬಿಡೋಣವೆಂದು, ಖಂಡೇಪೂಜೆಯಿಂದ ಈಚೆಗೆ, ಎಲ್ಲರೂ ಊಟಕ್ಕೆ ಹೋದಾಗ, ಕದ್ದು ಬಲಹೋಳು ಕಲಿಯುತ್ತಿದ್ದೇನೆ. ಒಂಟಿಯಾಗಿ ನಾನು ಬರೆದ ಮೊದಲ ಮಾತು ‘ದಾಕ್ಷಾಯಣಿ’. ಈ ಕಾಗದವೂ ಒಂಟಿಬರಹವೇ, ತಪ್ಪಕ್ಷರಗಳಿಗೆ ಇದೇ ಕಾರಣ.

ಈಗ ನನ್ನ ಬೇಡಿಕೆ. ಡಬ್ಬಿ ಮುಚ್ಚುವ ಮುಂಚೆ ಒಳಗೊಂದು ಚೀಟಿ ಇಡಿ. ಎರಡೂ ಹೋಳು ಒಬ್ಬರಿಗೇ ಎಂದು ಬರೆಯಿರಿ. ಭುಜದಷ್ಟು ಅಗಲಕ್ಕೆ ಇಡಬೇಕು, ಅಡಿಯ ಕಾಲು ಬಿಚ್ಚಬೇಕು, ನೋವಾದರೆ ನಿಲ್ಲಿಸಬೇಕು ಎಂದು ಬರೆಯಿರಿ. ನಿಮಗೆ ಇದೆಲ್ಲ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ವಿಷಯ ಅನಿಸಬಹುದು. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆದಿಡುವುದಿಲ್ಲ, ನಮ್ಮ ತೊಂದರೆ ಹುಟ್ಟಿದ್ದೇ ಅಲ್ಲಿಂದ. ನೀವು ಆ ಚೀಟಿ ಇಟ್ಟರೆ ದಾಕ್ಷಾಯಣಿಯ ಕೈ ಉಳಿಯುತ್ತದೆ, ಆಕೆ ತನ್ನ ಒಲೆಯ ಮುಂದೆ ಕೂತು ಇಷ್ಟಗಲ ರೊಟ್ಟಿ ಬಡಿಯುತ್ತಾಳೆ.

ಇಷ್ಟು ಬರೆದು ಎದ್ದುಹೋಗಿ ನೀರು ಕುಡಿದು ಬಂದೆ. ಮತ್ತೆ ಎದ್ದೆ, ಮತ್ತೆ ಕೂತೆ. ಚೀಟಿ ಇಟ್ಟರೆ ಜೋಡಿಮಣೆ ಎಂಬುದೇ ಇರುವುದಿಲ್ಲ. ನಾನು ಎಲ್ಲೋ ಒಬ್ಬಳೇ ಕೂತು ಸುಖವಾಗಿ ಬರೆಯುತ್ತಿರುತ್ತೇನೆ. ಆಕೆ ಇನ್ನೆಲ್ಲೋ. ದಾರಿಯಲ್ಲಿ ಎದುರಾದರೂ ಇವಳು ಯಾರೋ ಎಂದು ಹಾದುಹೋಗುತ್ತೇವೆ. ಆಕೆಯ ರೊಟ್ಟಿ ನಾನು ತಿನ್ನುವುದಿಲ್ಲ. ಆದರೂ ಚೀಟಿ ಇಡಿ. ಅವಳ ಕೈಗಿಂತ ನನ್ನ ಆಸೆ ದೊಡ್ಡದಲ್ಲ.

ಅಂಗಳದಲ್ಲಿ ಆಕೆಯ ಚಪ್ಪಲಿ ಸದ್ದಾಯಿತು. ಬಲಹೋಳನ್ನು ಆಕೆಯ ಜಾಗಕ್ಕೆ ಸರಿಸಿ ಗಂಟು ಕಟ್ಟಬೇಕು. ಚೀಟಿಯಲ್ಲಿ ಜಾಗ ಉಳಿದರೆ ಕೆಳಗೆ ಇನ್ನೊಂದು ಸಾಲು ಸೇರಿಸಿ: ಬರೆಯುವವರು ಒಬ್ಬರೇ ಆದರೂ ಪಕ್ಕದಲ್ಲಿ ಇನ್ನೊಂದು ಕುರ್ಚಿ ಇಟ್ಟಿರಬೇಕು.

ಎಡಹೋಳಿನ
ಚಂಪಾವತಿ